ಬೋರಲು ಲೋಟ

ಪೇಪರ್ ಕಪ್ಪುಗಳ ಎರಡು ಉದ್ದನೆಯ ಕಟ್ಟುಗಳನ್ನು ಸುವಾರ್ತಮ್ಮ ಅಡುಗೆಕಟ್ಟೆಯ ಮೇಲೆ ಕುಕ್ಕಿದರು. ಕಾಗದವಾದ್ದರಿಂದ ಸದ್ದಾಗಲಿಲ್ಲ. ಸದ್ದಾಗದ್ದಕ್ಕೂ ಅವರಿಗೆ ಸಿಟ್ಟು ಬಂತು.

“ನಾಳೆ ಕಾಫಿ ಇದರಲ್ಲೇ. ಮಾತಿಲ್ಲ, ಕತೆಯಿಲ್ಲ.”

ಸೊಸೆ ಭಾಗ್ಯಜ್ಯೋತಿ ನೆಲದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಕಾಯಿ ಒಂದು ಬಟ್ಟಲಿಗೆ, ನಾರು ತೊಟ್ಟು ಇನ್ನೊಂದಕ್ಕೆ. ಎರಡನೆಯದು ಹಿತ್ತಲ ಮೂಲೆಯ ಗೊಬ್ಬರದ ಮಡಕೆಗೆ ಹೋಗುವಂಥದು. ಅವಳು ತಲೆಯೆತ್ತದೆಯೇ ಹೇಳಿದಳು:

“ಅತ್ತೀ, ಆ ಕಪ್ಪಿನ ಒಳಗ ಪ್ಲಾಸ್ಟಿಕ್ ಪದರ ಇರ್ತದ್ರೀ. ಮಣ್ಣಾಗ ಕರಗಂಗಿಲ್ಲ. ಮನ್ಯಾಗ ಅಷ್ಟು ಸ್ಟೀಲ್ ಲೋಟ ಅದಾವಲ್ಲ?”

“ಅದಾವಂತೆ, ಅದಾವು! ನನ್ನ ಮದುವೇಲಿ ಬಂದ ಲೋಟ ಅವು. ನಿಮ್ಮ ಗದಗದಿಂದ ಲಾರೀಲಿ ಬಂದಿದ್ದಲ್ಲ. ಬಂದೋರ ಎಂಜಲು ಲೋಟ ಯಾರು ತೊಳೀತಾರೆ?”

“ಅದಕ್ಕೊಂದು ದಾರಿ ಐತ್ರೀ.”

“ನಿನ್ನ ದಾರಿ ನಂಗೆ ಗೊತ್ತು. ಬಟ್ಟೆ ಚೀಲ ಹಿಡ್ಕೊಂಡು ಮಾಂಸದಂಗಡಿಗೆ ಹೋಗಿ, ‘ಕವರ್ ಬ್ಯಾಡ, ಡಬ್ಬಿಗೆ ಹಾಕ್ರಿ’ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀಯಲ್ಲ, ಆ ದಾರಿ. ಇಡೀ ಬಿಟಿಎಂ ಲೇಔಟ್ ನಮ್ಮನ್ನ ನೋಡಿ ನಗುತ್ತೆ.”

“ನಗಲಿ ಬಿಡ್ರೀ.”

“ನಿಂಗೆ ನಗು. ನಂಗೆ ಸಾವು.”

ಹಾಲ್‌ನಲ್ಲಿ ಸುವಾರ್ತಮ್ಮನ ಮಗ ರವಿಕುಮಾರ ಲ್ಯಾಪ್‌ಟಾಪಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಹೆಡ್‌ಫೋನಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಈ ಮನೆಯಲ್ಲಿ ಅದು ಅವನ ತಲೆಗವಸು.

ಜಗಳಕ್ಕೆ ಬೆಂಕಿ ಬಿದ್ದದ್ದು ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟಿನ ಮೊದಲ ಭಾನುವಾರ. ಜಯನಗರದ ಚರ್ಚಿನ ಸಭೆಯಲ್ಲಿ ಪಾದ್ರಿ ಅಯ್ಯನವರು ಪ್ರಸಂಗ ಮಾಡುತ್ತ, ಈ ಸಲ ಮಾಂಸ ಬಿಟ್ಟರೆ ಸಾಲದು, ದಿನಾ ಬಳಸಿ ದಿನಾ ಬಿಸಾಡುವ ಒಂದು ವಸ್ತುವನ್ನಾದರೂ ಮನೆಯಿಂದ ಬಿಡಿ ಎಂದಿದ್ದರು. ಸಭೆಯವರು ಆಮೆನ್ ಅಂದು ಮನೆಗೆ ಬಂದು ಎಂದಿನಂತೆ ಊಟ ಮಾಡಿದರು. ಭಾಗ್ಯಜ್ಯೋತಿ ಮಾತ್ರ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಳು. ಮಾರನೆಯ ದಿನ ಕಸದ ಡಬ್ಬಿಗೆ ಹಾಸುವ ಕವರ್ ಹೋಯಿತು. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಬ್ರಶ್ ಹೋಗಿ ತೆಂಗಿನ ನಾರು ಬಂತು. ಹಣ್ಣಿನ ಸಿಪ್ಪೆಗೆ, ಕಾಫಿ ಚರಟಕ್ಕೆ ಮಡಕೆ ಬಂತು. ಒಂದೊಂದು ಹೋದಾಗಲೂ ಸುವಾರ್ತಮ್ಮನಿಗೆ ತಮ್ಮದೇ ಒಂದೊಂದು ಹಲ್ಲು ಕಿತ್ತ ಹಾಗಾಯಿತು.

“ಈ ಭೂಮಿ ಕರ್ತನ ಮನಿ ಅತ್ತೀ,” ಎಂದು ಒಮ್ಮೆ ಸೊಸೆ ಸಮಾಧಾನ ಹೇಳಲು ಹೋಗಿದ್ದಳು. “ನಾವು ಬಾಡಿಗಿಗೆ ಇರೋರು. ಖಾಲಿ ಮಾಡುವಾಗ ಬಂದಾಗ ಹೆಂಗಿತ್ತೋ ಹಂಗ ಬಿಟ್ಟುಕೊಡಬೇಕ್ರೀ.”

“ಓಹೋ! ಕೊಡದಿದ್ರೆ ಕರ್ತ ಅಡ್ವಾನ್ಸಲ್ಲಿ ಪೇಂಟಿಂಗ್ ಖರ್ಚು ಹಿಡ್ಕೋತಾನಾ, ನಮ್ಮ ಓನರ್ ಥರ?”

ರವಿಕುಮಾರ ಅವತ್ತು ಹೆಡ್‌ಫೋನಿನೊಳಗೇ ನಕ್ಕು ಸಿಕ್ಕಿಬಿದ್ದಿದ್ದ.

ಆದರೆ ನಾಳೆಯ ವಿಷಯ ನಗೆಯದಾಗಿರಲಿಲ್ಲ. ಮನೆಮನೆಗೆ ಸುತ್ತುವ ಶುಕ್ರವಾರದ ಪ್ರಾರ್ಥನೆ ನಾಳೆ ಇವರ ಮನೆಯಲ್ಲಿ. ಅದಕ್ಕೆ ಸುವಾರ್ತಮ್ಮನ ಅಣ್ಣ ದೇವದಾನಪ್ಪ ಬರುವವರಿದ್ದರು. ಕೋಣನಕುಂಟೆಯಲ್ಲಿ ಮಗಳ ಮನೆಯಲ್ಲಿರುವ ಆ ಮುದುಕರು ಯಾರ ಮನೆಗೂ ಹೋದವರಲ್ಲ. ಸಭೆಗೆ ಬರುವರು, ಕೊನೆಯ ಬೆಂಚಿನಲ್ಲಿ ಕೂರುವರು, ಆರಾಧನೆ ಮುಗಿಯುತ್ತಲೇ ಎದ್ದು ಹೋಗುವರು. ಮದುವೆಗೆ ಹೋದರೂ ಹರಸಿ ಬರುವರು, ಉಂಡು ಬರುವವರಲ್ಲ. ಯಾಕೆಂದು ಕೇಳಿದರೆ ಬೊಚ್ಚುಬಾಯಿ ಬಿಟ್ಟು ನಗುವರು. ತಂಗಿ ವರ್ಷಗಟ್ಟಲೆ ಕರೆದಿದ್ದರು, ಅತ್ತಿದ್ದರು, ಮಾತು ಬಿಟ್ಟಿದ್ದರು. ಈ ಸಲ ಅಣ್ಣನಿಗೆ ಏನನ್ನಿಸಿತೋ, ಬರ್ತೀನಿ ಅಂದಿದ್ದರು. ಅಣ್ಣ ತಮ್ಮ ಮನೆಗೆ ಬಂದು ನಾಲ್ಕು ಜನರ ನಡುವೆ ಕೂತು ಒಂದು ಲೋಟ ಕಾಫಿ ಕುಡಿದು ಹೋಗಬೇಕು. ಸುವಾರ್ತಮ್ಮ ದೇವರಲ್ಲಿ ಕೇಳುತ್ತಿದ್ದುದು ಇಷ್ಟೇ.

“ಕೇಳು,” ಎಂದರು ಅವರು, ಬೆರಳನ್ನು ಸೊಸೆಯ ಹಣೆಗೇ ತೋರಿಸಿ. “ನಾಳೆ ನಮ್ಮಣ್ಣನ ಎದುರಿಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಅವನ ಹಿಂದೇನೇ ನಾನೂ ಹೊರಟೆ. ಈ ಮನೇನ ನಿನ್ನ ಮಡಕೆ ಜೊತೆ ನೀನೇ ಇಟ್ಕೋ.”

ಭಾಗ್ಯಜ್ಯೋತಿ ನಾರಿನ ಬಟ್ಟಲೆತ್ತಿಕೊಂಡು ಹಿತ್ತಲಿಗೆ ಹೋದಳು. ಅದನ್ನು ಸುವಾರ್ತಮ್ಮ ಒಪ್ಪಿಗೆ ಎಂದುಕೊಂಡರು. ಸೊಸೆಯನ್ನು ಅವರು ಅಷ್ಟು ವರ್ಷದಲ್ಲಿ ಅಷ್ಟೇ ಅರಿತಿದ್ದರು.

ಮರುದಿನ ಸಂಜೆ ಗೇಟಿನ ಹತ್ತಿರ ಚಪ್ಪಲಿಗಳು ಕೂಡತೊಡಗಿದ ಹೊತ್ತಿಗೆ ಅವರು ಕಪ್ಪಿನ ಕಟ್ಟು ಬಿಚ್ಚಲು ಅಡುಗೆಮನೆಗೆ ಬಂದರೆ ಕಟ್ಟುಗಳಿರಲಿಲ್ಲ. ಕಟ್ಟೆಯ ಮೇಲೆ ಸ್ಟೀಲ್ ಲೋಟಗಳು ಸಾಲಾಗಿ, ತೊಳೆದು ಒರೆಸಿ, ದೀಪದ ಬೆಳಕಿಗೆ ಹೊಳೆಯುತ್ತಿದ್ದವು.

“ಕಪ್ಪೆಲ್ಲೇ?”

“ಅಂಗಡಿಗೆ ವಾಪಸ್ ಕೊಟ್ಟೆನ್ರೀ. ಅದರ ಬದ್ಲಿ ಕಾಫಿಪುಡಿ ತಂದೆ.”

ಹಾಲ್‌ನಲ್ಲಿ ಆಗಲೇ ಅಯ್ಯನವರ ಕೆಮ್ಮು, ಸ್ತ್ರೀಯರ ಸಂಘದ ಜಯಾಳ ನಗು. ಬೈಯುವುದಕ್ಕೂ ಎಡೆಯಿಲ್ಲ. ಸುವಾರ್ತಮ್ಮ ಸೊಸೆಯ ತೋಳನ್ನು ಹಿಡಿದು ಮಾಂಸ ನೋಯುವಂತೆ ತಿರುಚಿ, ತಗ್ಗಿದ ದನಿಯಲ್ಲಿ, “ಇವತ್ತು ಪ್ರಾರ್ಥನೆ ಇದೆ, ಬದುಕ್ಕೊಂಡೆ,” ಎಂದು ಹೊರಗೆ ಹೋಗಿ, “ಸ್ತೋತ್ರ ಅಯ್ಯನವರೇ, ಬನ್ನಿ ಬನ್ನಿ,” ಎಂದರು.

ದೇವದಾನಪ್ಪ ಬಂದಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲು. ಕುರ್ಚಿ ತೋರಿಸಿದರೆ ಬೇಡವೆಂದು ಬಾಗಿಲ ಬಳಿ ಚಾಪೆಯ ಅಂಚಿಗೆ ಕೂತರು. ಹಾಡಾಯಿತು. ಅಯ್ಯನವರು, “ಹಿರಿಯರು ಒಂದು ಕೀರ್ತನೆ ಹೇಳಲಿ,” ಎಂದಾಗ ಅವರು ಕಣ್ಣು ಮುಚ್ಚಿ ಬಾಯಿಪಾಠವಾಗಿಯೇ ಹೇಳಿದರು. ಅಕ್ಷರ ಬಾರದ ಕಾಲದಲ್ಲಿ ಕಿವಿಯಿಂದ ಕಲಿತದ್ದು. ಮಾತು ಮೆಟ್ಟಿಲಿಳಿದ ಹಾಗೆ ಒಂದೊಂದಾಗಿ ಇಳಿಯಿತು. ಬೆಟ್ಟಗಳು, ತೊರೆಗಳು, ಹಕ್ಕಿಗಳು, ಎಲ್ಲದರ ಹೆಸರೂ ಆ ಹಲ್ಲಿಲ್ಲದ ಬಾಯಲ್ಲಿ ಮೆತ್ತಗಾಗಿ ಬಂದವು. ಬೀದಿಯಲ್ಲಿ ಯಾರೋ ಬೈಕಿನ ಹಾರ್ನ್ ಒತ್ತಿ ಹಿಡಿದಿದ್ದರು. ಒಳಗೆ ಯಾರೂ ಅಲುಗಲಿಲ್ಲ. ಸುವಾರ್ತಮ್ಮನ ಕಣ್ಣು ತುಂಬಿತು. ಕಪ್ಪಿನ ವಿಷಯವನ್ನು ಅವರು ಒಂದು ಗಳಿಗೆ ಮರೆತರು.

ಕಾಫಿ ಬಂತು. ಜೊತೆಗೆ ಬಾಳೆಲೆಯ ತುಂಡಿನಲ್ಲಿ ಉಪ್ಪಿಟ್ಟು. ದೇವದಾನಪ್ಪ ಕುಡಿಯುವುದನ್ನು ತಂಗಿ ಎದುರಿನ ಗೋಡೆಗೆ ಒರಗಿ ನೋಡುತ್ತಿದ್ದರು. ಅಣ್ಣ ಲೋಟವನ್ನು ತುಟಿಗೆ ತಾಗಿಸದೆ ಮೇಲಿನಿಂದ ಎತ್ತಿ ಕುಡಿದರು. ಆದರೂ ಕುಡಿದರು. ಸಾಕು.

ಆಗ ಭಾಗ್ಯಜ್ಯೋತಿ ನಡುಮನೆಗೆ ಬಂದು ನಿಂತು, ಕೈಜೋಡಿಸಿ, ಖುಷಿಯಿಂದಲೇ ಹೇಳಿದಳು:

“ಎಲ್ಲಾರೂ ಒಂದೀಟು ಕೇಳ್ರಿ. ಕುಡಿದಾದ ಮ್ಯಾಲೆ ನಿಮ್ಮ ನಿಮ್ಮ ಲೋಟ ನೀವ ತೊಳೆದು ಹೊರಗ ಕಂಪೌಂಡ್ ಗ್ವಾಡಿ ಮ್ಯಾಲ ಬೋರಲ ಹಾಕ್ರಿ. ಪಕ್ಕದ ಓಣ್ಯಾಗ ಬಕೆಟ್ ಇಟ್ಟೀನಿ. ಒಂದು ಬಕೆಟ್ ನೀರಿನಾಗ ಎಲ್ಲಾರದೂ ಆಗ್ತದ, ಒಂದು ಕಪ್ಪೂ ಕಸಕ್ಕ ಹೋಗಂಗಿಲ್ಲ. ನಮ್ಮ ಮಿಷನ್ ಕಂಪೌಂಡಿನಾಗ ಪಾದ್ರಿ ಸಾಹೇಬ್ರೂ ಪ್ರೀತಿಭೋಜನದ ತಾಟು ತಾವ ತೊಳೀತಿದ್ರು. ದೊಡ್ಡವರು ಸಣ್ಣವರು ಅಂತ ಇರಲಿಲ್ಲ.”

“ಸಖತ್ ಐಡಿಯಾ ಕಣ್ರೀ ಇದು!” ಎಂದಳು ಜಯಾ. “ನಮ್ಮನೆಯೋರಿಗೂ ಹೇಳಿ ಸ್ವಲ್ಪ. ಮದುವೆ ಆದಾಗಿನಿಂದ ಒಂದು ಚಮಚ ತೊಳೆದಿಲ್ಲ.”

ನಗೆ ಎದ್ದಿತು. ಮೊದಲು ಎದ್ದವರು ಅಯ್ಯನವರೇ. ಹಿಂದೆ ಜಯಾ, ಅವಳ ಗಂಡ, ಉಳಿದವರು. ಮನೆಗೂ ಕಂಪೌಂಡಿಗೂ ನಡುವಿನ ಓಣಿಯಲ್ಲಿ ನೀರಿನ ಸದ್ದು, ತಮಾಷೆ, ಸ್ಟೀಲಿನ ಟಣಟಣ. ಗೋಡೆಯ ಮೇಲೆ ಲೋಟಗಳು ಬೋರಲು ಬಿದ್ದು ಒಂದರ ಪಕ್ಕ ಒಂದು ಸಾಲುಗಟ್ಟಿದವು.

ಕೊನೆಯಲ್ಲಿ ದೇವದಾನಪ್ಪ ಎದ್ದರು. ಅವರು ನಗಲಿಲ್ಲ, ತಡೆಯಲೂ ಇಲ್ಲ. ಓಣಿಗೆ ಹೋದರು. ಬಕೆಟ್ಟಿನ ಹತ್ತಿರ ನಿಲ್ಲಲಿಲ್ಲ, ಅದರಿಂದ ಒಂದು ಮಾರು ಆಚೆ ಕುಕ್ಕರಗಾಲಲ್ಲಿ ಕೂತರು. ಮಗ್ಗನ್ನು ಮುಟ್ಟಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ, ತಲೆ ತಗ್ಗಿಸಿ, ಕಾದರು.

ಯಾರಾದರೂ ನೀರು ಹೊಯ್ಯಲೆಂದು ಕಾದರು.

ಭಾಗ್ಯಜ್ಯೋತಿ ಅಲ್ಲೇ ಇದ್ದಳು. ಮುದುಕರಿಗೆ ಬಗ್ಗಲು ಕಷ್ಟವಿರಬೇಕು ಎಂದುಕೊಂಡು ನಗುನಗುತ್ತಲೇ ಮಗ್ಗು ಎತ್ತಿ, ಮೇಲಿನಿಂದ ನೀರು ಹೊಯ್ದಳು. ಅವರು ಲೋಟದ ಒಳಗೆ ಬೆರಳಾಡಿಸಿದರು, ಹೊರಗೆ ಉಜ್ಜಿದರು, ಕುಲುಕಿ ಚೆಲ್ಲಿದರು. ಎದ್ದು ಗೋಡೆಯ ಬಳಿ ಹೋಗಿ, ಉಳಿದ ಲೋಟಗಳ ಸಾಲಿಗೆ ಸೇರಿಸದೆ, ಆಚೆ ತುದಿಯಲ್ಲಿ ಒಂಟಿಯಾಗಿ ಬೋರಲು ಹಾಕಿದರು. ಟವೆಲಿನಲ್ಲಿ ಕೈ ಒರೆಸಿಕೊಂಡರು.

ಬಾಗಿಲಲ್ಲಿ ಸುವಾರ್ತಮ್ಮ ನಿಂತಿದ್ದರು.

“ಅಣ್ಣಾ.”

“ಆಯ್ತಲ್ಲ ಸುವಾರ್ತಾ. ಕಾಫಿ ಚೆನ್ನಾಗಿತ್ತು. ಬರ್ತೀನಿ.”

ಅವರು ಚಪ್ಪಲಿ ಮೆಟ್ಟಿ ಗೇಟು ದಾಟಿ ಹೋದರು. ನಡಿಗೆಯಲ್ಲಿ ಅವಸರವಿರಲಿಲ್ಲ.

“ಕುಡಿಸಿದೆಯೇನೇ?” ಸುವಾರ್ತಮ್ಮ ಸೊಸೆಯತ್ತ ತಿರುಗಿದರು. “ಕುಡಿಸಿದೆಯಾ ನಮ್ಮಣ್ಣಂಗೆ ಕಾಫಿ? ನೋಡ್ರೋ ಎಲ್ಲಾರೂ, ಆ ಲೋಟ ನೋಡಿ. ನಮ್ಮಪ್ಪ ಊರ ಹೋಟ್ಲಲ್ಲಿ ಟೀ ಕುಡಿದು ಹಿಂಗೇ ಚಾಚ್ತಿದ್ದ. ಹೋಟ್ಲೋನು ಮೇಲಿಂದ ನೀರು ಹುಯ್ತಿದ್ದ. ತೊಳೆದು ಹೊರಗೆ ಗೋಡೆ ಮೇಲೆ ಬೇರೆಯಾಗಿ ಬೋರಲು ಹಾಕ್ಬೇಕು. ನಮ್ಮ ಕೇರಿಯೋರ ಲೋಟ ಅದು, ಒಳಗೆ ಬರಂಗಿಲ್ಲ. ನಮ್ಮಣ್ಣನೂ ಹಂಗೇ ಕುಡಿದು ಬೆಳೆದ. ಅದಕ್ಕೇ ಅವನು ಯಾರ ಮನೇಲೂ ಕುಡಿಯಲ್ಲ. ಇವತ್ತು ಕುಡಿದ, ನನ್ನ ಮನೇಲಿ! ನನ್ನ ಸೊಸೆ ನೀರು ಹುಯ್ದಳು!”

ಜಯಾ ಗೋಡೆಯ ಮೇಲಿನ ತನ್ನ ಲೋಟದ ಕಡೆ ನೋಡಿದಳು.

“ಅಮ್ಮಾ, ಅವಳಿಗೆ ಗೊತ್ತಿರಲಿಲ್ಲ,” ಎಂದರು ಅಯ್ಯನವರು.

“ಗೊತ್ತಿಲ್ದೇನೇ ಅಲ್ವಾ ಎಲ್ಲಾರೂ ಮಾಡೋದು! ನಿಮ್ಮದೇ ಪ್ರಸಂಗ ಅಯ್ಯನವರೇ, ನೀವೇ ಹೊರಿ. ಭೂಮಿ ಉಳಿಸ್ತಾಳಂತೆ! ಮೊದಲು ಅದರ ಮೇಲೆ ನಡೆಯೋ ಮನುಷ್ಯನ್ನ ಉಳಿಸೇ. ಪೇಪರ್ ಕಪ್ ತಂದಿದ್ದೆ ನಾನು. ಕುಡಿ, ಬಿಸಾಕು, ಎಲ್ಲಾರದೂ ಒಂದೇ ಬುಟ್ಟೀಲಿ. ಅಷ್ಟೇ ಕೇಳಿದ್ದು.”

“ಹೇಳಬೇಕಿತ್ತಲ್ರೀ!” ಭಾಗ್ಯಜ್ಯೋತಿಯ ದನಿಯೂ ಏರಿತು. “ಇಷ್ಟು ವರ್ಷ ಬೈದ್ರಿ, ಒಂದು ದಿನ ಹೇಳಲಿಲ್ಲ. ಬೈಯೋದಕ್ಕ ಬಾಯಿ ಇತ್ತು, ಇದನ್ನ ಹೇಳೋದಕ್ಕ ಇರಲಿಲ್ಲೇನ್ರಿ?”

“ಹೇಳ್ಬೇಕಾ? ನಾವು ಯಾರು ಅಂತ ನಿನ್ನ ಮುಂದೆ ಕೂತು ಹೇಳ್ಬೇಕಾ?”

ರವಿಕುಮಾರ ನಡುವೆ ಬಂದು, “ಅಮ್ಮ, ಜ್ಯೋತಿ, ಪ್ಲೀಸ್,” ಎಂದ. ಇಬ್ಬರೂ ಒಂದೇ ಬಾಯಲ್ಲಿ ಅವನಿಗೆ, “ನೀ ಸುಮ್ನಿರು,” ಎಂದರು. ಸುವಾರ್ತಮ್ಮ ಒಳಗೆ ಹೋಗಿ ಬೀರುವಿನಿಂದ ಸೀರೆಗಳನ್ನು ಎಳೆದು ಚೀಲಕ್ಕೆ ತುರುಕತೊಡಗಿದರು. ಬಂದವರು ಒಬ್ಬೊಬ್ಬರಾಗಿ ಸ್ತೋತ್ರ ಹೇಳದೆಯೇ ಹೊರಟರು. ಭಾಗ್ಯಜ್ಯೋತಿ ಬರಿಗಾಲಲ್ಲೇ ಬೀದಿಗಿಳಿದಳು.

ದೇವದಾನಪ್ಪ ಬಹುದೂರ ಹೋಗಿರಲಿಲ್ಲ. ಮೂಲೆಯ ಬೇಕರಿಯ ಮುಂದೆ ನಿಂತು ಟೀ ಕುಡಿಯುತ್ತಿದ್ದರು. ಕೈಯಲ್ಲಿ ಪೇಪರ್ ಕಪ್ಪು. ಇಲ್ಲಿ ಅವರು ಕಪ್ಪನ್ನು ತುಟಿಗೆ ತಾಗಿಸಿಯೇ ಕುಡಿಯುತ್ತಿದ್ದರು.

“ಮಾವಾರ, ಬರ್ರಿ. ತಪ್ಪಾತು.”

“ನಿಂದೇನೂ ತಪ್ಪಿಲ್ಲ ಕಣವ್ವ.”

“ಹಂಗನಬ್ಯಾಡ್ರಿ. ಬೈರಿ ಬೇಕಾರ.”

“ಬೈಯೋಕೆ ನನ್ನ ತಂಗಿ ಇದ್ದಾಳಲ್ಲ. ಊರಿಗೆಲ್ಲ ಸಾಕು ಅವಳು.” ಒಂದು ಗುಟುಕು ಕುಡಿದರು. “ನಿಮ್ಮ ಕಂಪೌಂಡಲ್ಲಿ ಪಾದ್ರಿ ತಟ್ಟೆ ತೊಳೆದ್ರು ಅಂದೆ. ಅವರು ತೊಳ್ಕೊಂಡ್ರೆ ಅದು ದೊಡ್ಡತನ. ನಾನು ತೊಳ್ಕೊಂಡ್ರೆ ಅದು ಹಳೇದು. ಕೈಗೆ ಗೊತ್ತದು, ನೋಡು. ನಾನು ಬೇಡ ಅಂದ್ಕೊಂಡೆ, ಕೈ ತಾನೇ ಮುಂದಕ್ಕೆ ಹೋಯ್ತು.”

ಭಾಗ್ಯಜ್ಯೋತಿ ಆ ಕೈಗಳನ್ನೇ ನೋಡಿದಳು. ಅವರು ಟೀ ಮುಗಿಸಿ ಕಪ್ಪನ್ನು ಡ್ರಮ್ಮಿಗೆ ಎಸೆದರು. ಡ್ರಮ್ಮು ತುಂಬಿ ತುಳುಕುತ್ತಿತ್ತು. ಎಸೆದದ್ದು ರಾಶಿಯ ಮೇಲಿಂದ ಉರುಳಿ, ಸಾವಿರ ಕಪ್ಪು ಸಿಕ್ಕಿ ಕಟ್ಟಿಕೊಂಡಿದ್ದ ಮೋರಿಗೆ ಬಿತ್ತು. ಇಬ್ಬರೂ ಅದನ್ನು ನೋಡಿದರು.

“ಇದೂ ಸರಿಯಿಲ್ಲ, ಅಲ್ವಾ?” ಎಂದರು ಅವರು.

“ಇಲ್ರೀ.”

“ನೀನೂ ಬಿಡೋಳಲ್ಲ! ಈ ಹೊತ್ತಲ್ಲಾದ್ರೂ ‘ಪರವಾಗಿಲ್ಲ’ ಅನ್ನಬಾರ್ದಾ?”

“ಸುಳ್ಳು ಹೆಂಗ ಹೇಳ್ಲಿ ಮಾವಾರ?”

ಮುದುಕರು ಬೊಚ್ಚುಬಾಯಿ ಬಿಟ್ಟು ನಕ್ಕರು. ಆಮೇಲೆ ನಗೆ ನಿಲ್ಲಿಸಿ, ಕೀರ್ತನೆ ಹೇಳುವಾಗಿನಂತೆ ಕಣ್ಣು ಮುಚ್ಚಿದರು.

“ಕರ್ತನು ಕಡೇ ಊಟದ ರಾತ್ರಿ ಶಿಷ್ಯರ ಮುಂದೆ ಬೋಗುಣಿಯಲ್ಲಿ ನೀರು ತಂದನಲ್ಲ. ‘ನಿಮ್ಮ ನಿಮ್ಮ ಕಾಲು ನೀವೇ ತೊಳ್ಕೊಳ್ಳಿ’ ಅಂದನಾ?”

“ಇಲ್ರೀ.” ಅವಳಿಗೆ ಹೊಳೆಯಿತು. “ಇಲ್ಲ, ಅನ್ನಲಿಲ್ಲ.”

“ಹೂಂ. ನಡಿ.”

ಮನೆಗೆ ಬಂದಾಗ ಸುವಾರ್ತಮ್ಮ ಚೀಲ ಕಟ್ಟಿ ಬಾಗಿಲಲ್ಲಿ ಕೂತಿದ್ದರು. ಅಣ್ಣನನ್ನು ಕಂಡು ಎದ್ದರು. “ಬಂದೆಯಾ? ನಡಿ, ಹೋಗೋಣ. ಈ ಮನೆ ನೀರೂ ಬೇಡ ನಂಗೆ.”

“ಕಾಫಿ ಹಾಕು ಸುವಾರ್ತಾ. ಬೇಕರಿ ಟೀ ಬಾಯಿ ಕೆಡಿಸ್ತು. ಸ್ಟೀಲ್ ಲೋಟದಲ್ಲೇ ಹಾಕು.”

“ಯಾತಕ್ಕೆ? ಇನ್ನೊಂದ್ಸಲ ತೊಳೆದು ತೋರ್ಸೋಕಾ?”

“ಹಾಕು ಅಂದೆ.”

ಅಣ್ಣನ ದನಿ ಎಂದೂ ಏರಿದ್ದಲ್ಲ. ಈಗಲೂ ಏರಲಿಲ್ಲ, ಆದರೂ ಸುವಾರ್ತಮ್ಮ ಅಡುಗೆಮನೆಗೆ ಹೋದರು. ಪಾತ್ರೆಗಳು ಇರಬೇಕಾದ್ದಕ್ಕಿಂತ ಹೆಚ್ಚು ಬಡಿದುಕೊಂಡವು. ಮೂರು ಲೋಟ ಬಂದವು. ದೇವದಾನಪ್ಪ ಈ ಸಲ ಕುರ್ಚಿಯಲ್ಲೇ ಕೂತರು. ಲೋಟವನ್ನು ತುಟಿಗೆ ಒಯ್ದು, ಒಮ್ಮೆ ತಡೆದು, ಮತ್ತೆ ಒಯ್ದು, ತಾಗಿಸಿ ಕುಡಿದರು. ತಂಗಿ ಮುಖ ತಿರುಗಿಸಿದರು. ಅಳು ಕಾಣದಿರಲೆಂದು.

ಮೂವರೂ ಕುಡಿದಾದ ಮೇಲೆ ದೇವದಾನಪ್ಪ ತಮ್ಮ ಲೋಟವನ್ನು ಭಾಗ್ಯಜ್ಯೋತಿಯ ಕೈಗೆ ಕೊಟ್ಟರು. ತಂಗಿಯ ಲೋಟವನ್ನು ತಾವು ಎತ್ತಿಕೊಂಡರು. ಸೊಸೆಯ ಲೋಟವನ್ನು ತಂಗಿಯ ಮುಂದೆ ತಳ್ಳಿದರು.

“ಅದನ್ನ ನೀನು ತೊಳಿ.”

“ಏನು?”

“ಒಬ್ಬರದ್ದು ಇನ್ನೊಬ್ಬರು. ಇನ್ಮೇಲೆ ಪ್ರಾರ್ಥನೇಲಿ ಹಿಂಗೇ. ಯಾರೂ ತಮ್ಮದು ತಾವು ತೊಳೆಯಂಗಿಲ್ಲ, ಕಪ್ಪೂ ಮೋರಿಗೆ ಹೋಗಂಗಿಲ್ಲ. ಅಯ್ಯನವರಿಗೆ ನಾನು ಹೇಳ್ತೀನಿ.”

“ಸೊಸೆ ಎಂಜಲು ನಾನು ತೊಳೀಲಾ? ಸತ್ರೂ ಇಲ್ಲ.”

“ಹಂಗಾದ್ರೆ ನಾನು ಹೋಗ್ತೀನಿ. ಬೇಕರಿ ಇನ್ನೂ ತೆಗೆದೈತೆ.”

ಭಾಗ್ಯಜ್ಯೋತಿ ಆಗಲೇ ಸಿಂಕಿನ ಮುಂದೆ ನಿಂತು ಮುದುಕರ ಲೋಟವನ್ನು ತೊಳೆಯುತ್ತಿದ್ದಳು. ತುಟಿ ತಾಗಿದ ಅಂಚನ್ನು ನಾರಿನಿಂದ ಮೆಲ್ಲಗೆ ಉಜ್ಜಿದಳು. ಪಕ್ಕದಲ್ಲಿ ದೇವದಾನಪ್ಪ ತಂಗಿಯ ಲೋಟ ತೊಳೆದರು. ಎರಡೂ ಲೋಟಗಳು ಒಳಗಿನ ಬುಟ್ಟಿಯಲ್ಲಿ ಒಂದಕ್ಕೊಂದು ತಾಗಿ ಕೂತವು.

ರವಿಕುಮಾರ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡು ನೋಡುತ್ತಿದ್ದ. ಸುವಾರ್ತಮ್ಮ ಅವನನ್ನು ಕಂಡು, “ನೀನೇನು ಸಿನಿಮಾ ನೋಡ್ತಿದ್ದೀಯಾ?” ಎಂದು ಉರಿದು, ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಹಲ್ಲಿಯನ್ನು ಒಯ್ಯುವ ಹಾಗೆ ಸಿಂಕಿನವರೆಗೆ ಒಯ್ದರು. ಭುಜದಿಂದ ಸೊಸೆಯನ್ನು ಆಚೆ ತಳ್ಳಿದರು. ನಲ್ಲಿಯನ್ನು ಪೂರಾ ತಿರುಗಿಸಿದರು.

ನೀರು ಭೋರೆಂದು ಬಂತು. ಲೋಟ ತುಂಬಿ ಚೆಲ್ಲಿತು, ಸಿಂಕಿನಿಂದ ಸಿಡಿದು ಗೋಡೆಗೆ, ಸೊಸೆಯ ಸೀರೆಗೆ ಹಾರಿತು. ಅವರು ತಿಕ್ಕಿದರು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದರು. ಸೊಸೆಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಹೇಳು. ನೀರು ಪೋಲು ಅಂತ ಹೇಳೇ ಈಗ. ಕರ್ತನ ನೀರು ಅಂತ ಹೇಳು.”

ಭಾಗ್ಯಜ್ಯೋತಿಯ ತುಟಿ ತೆರೆಯಿತು. ಅವಳು ಅದನ್ನು ಹಲ್ಲಿನಿಂದ ಕಚ್ಚಿ ಮುಚ್ಚಿದಳು. ನೀರು ಸುರಿಯುತ್ತಲೇ ಇತ್ತು.

“ಸುವಾರ್ತಾ,” ಎಂದರು ದೇವದಾನಪ್ಪ. “ನೀರು.”

ಸುವಾರ್ತಮ್ಮ ನಲ್ಲಿ ನಿಲ್ಲಿಸಿದರು.

“ಅಣ್ಣ ಹೇಳಿದ ಅಂತ ನಿಲ್ಸಿದ್ದು,” ಎಂದರು ಸೊಸೆಗೆ. “ನಿನ್ನ ಮಾತಿಗಲ್ಲ.”

ಅವಳು ಮಾತೇ ಆಡಿರಲಿಲ್ಲ.